ಹುದುಲಲ್ಲಿ ಜಾಕ್ ನಿಲ್ಲಲ್ಲ, ಫಾರ್ಮ್ ಜಾಕ್ ಸರಿಯಾಗಿ ಇಳಿಯಲ್ಲ: ಏನು ಮಾಡೋದು?

ಹೊಸಗಾಡಿ:
2021ರ ಥಾರ್ ಡೀಸೆಲ್, ಬಂಪರ್ ಕಂಪನಿಯದೇ. ಸಕಲೇಶಪುರದ ಕಡೆ ತೋಟದ ದಾರಿ, ಮಳೆಗಾಲದ ಕೆಂಪು ಕೆಸರು. ಹಿಂದಿನ ಎಡ ಚಕ್ರ ಹೂತು ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ಮಣ್ಣಿಗೆ ಕೂತಾಗ 2 ಟನ್ ಬಾಟಲ್ ಜಾಕ್ ಕೊಟ್ರೆ ಗಾಡಿ ಏಳಲ್ಲ, ಜಾಕೇ ಕೆಳಗೆ ಹೋಗುತ್ತೆ. 48 ಇಂಚಿನ ಫಾರ್ಮ್ ಜಾಕ್ (ಹಿಡಿ ಒತ್ತಿದ ಹಾಗೆ ಉದ್ದ ಕಂಬ ಹತ್ತೋದು) ಇದೆ, ಎಲ್ಲಿ ಕೊಡಬೇಕು ಗೊತ್ತಾಗ್ತಿಲ್ಲ. ಅದನ್ನ ಇಳಿಸುವಾಗ ಒಂದೊಂದ್ಸಲ ಅಲ್ಲಾಡಲ್ಲ, ಒಂದೊಂದ್ಸಲ ಸರ್ರಂತ ಜಾರುತ್ತೆ. ಜಾಕ್ ಬದಲಿಸಬೇಕಾ?

ಲೋರೇಂಜ್:
ಬದಲಿಸೋದು ಆಮೇಲೆ, ಮೊದಲು ಜಾಕಿನ ತಳ ನೋಡಿ ಸರ್. 30 ಪಿಎಸ್‌ಐ ಗಾಳಿ ಇರೋ ಟೈರ್ ನೆಲವನ್ನ ಒತ್ತೋದು ಚದರ ಸೆಂ.ಮೀ.ಗೆ ಸುಮಾರು 2 ಕೆ.ಜಿ. ಅಷ್ಟಕ್ಕೇ ಚಕ್ರ ಹೂತಿದೆ. ಒಂದು ಹಿಂಚಕ್ರದ ಭಾರ ಸುಮಾರು 450 ಕೆ.ಜಿ. ಅಂತಿಟ್ಕೊಳ್ಳಿ; 10×10 ಸೆಂ.ಮೀ. ತಳದ ಬಾಟಲ್ ಜಾಕ್ ಅದನ್ನ ಹೊತ್ತರೆ ಒತ್ತಡ 4.5 ಕೆ.ಜಿ. ನಿಲ್ಲೋದು ಹೇಗೆ? ಅದೇ ಜಾಕನ್ನ 30×30 ಸೆಂ.ಮೀ. ಹಲಗೆ ಮೇಲೆ ಇಟ್ರೆ ಅರ್ಧ ಕೆ.ಜಿ.ಗೆ ಬರುತ್ತೆ.

18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ಡಿನ ಎರಡು ತುಂಡು ಅಂಟಿಸಿ ಸ್ಕ್ರೂ ಹೊಡೀರಿ. ಒಂದೇ ಪದರ ಆದ್ರೆ ನಡುವೆ ಬಾಗುತ್ತೆ, ಭಾರ ಮತ್ತೆ ಅಷ್ಟಗಲಕ್ಕೇ ಬೀಳುತ್ತೆ. ಒಂದು ಮೂಲೆಗೆ ತೂತು ಕೊರೆದು ಹಗ್ಗ ಕಟ್ಟಿ. ಕೆಸರು ಕಚ್ಚಿದ ಹಲಗೆ ಬರೀ ಕೈಗೆ ಬರಲ್ಲ.

ಎಲ್ಲಿ ಕೊಡೋದು ಅನ್ನೋದೇ ಜಾಕ್ ಯಾವುದು ಅನ್ನೋದನ್ನ ತೀರ್ಮಾನ ಮಾಡೋದು. ಥಾರಿನ ಹಿಂದೆ ಇರೋದು ಗಟ್ಟಿ ಆಕ್ಸಲ್. ಬಾಟಲ್ ಜಾಕನ್ನ ಆಕ್ಸಲ್ ಟ್ಯೂಬಿಗೇ, ಚಕ್ರಕ್ಕೆ ಹತ್ತಿರವಾಗಿ ಕೊಟ್ರೆ ಚಕ್ರ ತಕ್ಷಣ ಏಳುತ್ತೆ. ಆದ್ರೆ ಮುಚ್ಚಿದಾಗಲೇ ಜಾಕ್ 18-20 ಸೆಂ.ಮೀ. ಎತ್ತರ, ಹಲಗೆ ಸೇರಿ 23ರ ಹತ್ತಿರ. ಅಷ್ಟು ಜಾಗ ಗುದ್ದಲಿಯಲ್ಲಿ ಅಗೆದೇ ಮಾಡ್ಕೋಬೇಕು.

ಫಾರ್ಮ್ ಜಾಕನ್ನ ಪ್ಲಾಸ್ಟಿಕ್ ಬಂಪರಿಗಾಗಲಿ ಫುಟ್‌ಸ್ಟೆಪ್ಪಿಗಾಗಲಿ ಕೊಡಬೇಡಿ. ಚಾಸಿಗೆ ಬೋಲ್ಟ್ ಮಾಡಿದ ರಾಕ್ ಸ್ಲೈಡರ್ (ಬಾಗಿಲ ಕೆಳಗಿನ ಗಟ್ಟಿ ಸ್ಟೀಲ್ ಪಟ್ಟಿ) ಅಥವಾ ಜಾಕ್ ಕೂರೋ ತೂತಿರೋ ಸ್ಟೀಲ್ ಬಂಪರ್ ಬೇಕು. ಅಲ್ಲೂ ಒಂದು ತಲೆನೋವು: ಬಾಡಿ ಏಳುತ್ತೆ, ಸ್ಪ್ರಿಂಗ್ ಬಿಚ್ಕೊಳ್ಳುತ್ತೆ, ಚಕ್ರ ಮಾತ್ರ ಕೆಸರಲ್ಲೇ ಕೂತಿರುತ್ತೆ. ಹಾಗಾಗಿ ನಿಮ್ಮ ಗಾಡಿಗೆ ಫಾರ್ಮ್ ಜಾಕಿಗೆ ಸಿಕ್ಕಿಸೋ ವೀಲ್ ಲಿಫ್ಟ್ ಪಟ್ಟಿಯೇ ಸರಿ. ಅದರ ಕೊಕ್ಕೆಗಳನ್ನ ರಿಮ್ಮಿನ ಎರಡು ಕಡ್ಡಿಗೆ ಹಾಕಿದ್ರೆ ನೇರ ಚಕ್ರವೇ ಏಳುತ್ತೆ. 15-20 ಸೆಂ.ಮೀ. ಸಾಕು, ಅದಕ್ಕಿಂತ ಎತ್ತಿದಷ್ಟೂ ಓಲಾಟ ಜಾಸ್ತಿ.

ಎಸ್ಟೇಟ್ ಜೀಪ್:
ಇಳಿಯದೇ ಇರೋದಕ್ಕೆ ನೂರಕ್ಕೆ ತೊಂಬತ್ತು ಪಾಲು ಕೆಸರೇ ಕಾರಣ. ಕಂಬ ಹತ್ತೋ ಎರಡು ಪಿನ್ನು, ಅವುಗಳ ಸಣ್ಣ ಸ್ಪ್ರಿಂಗು, ಅಷ್ಟೇ ಯಂತ್ರ. ಮಣ್ಣು ಒಣಗಿದ್ರೆ ಪಿನ್ ತೂತಿನಿಂದ ಹೊರಗೆ ಬರಲ್ಲ, ಇಲ್ಲಾ ಪೂರ್ತಿ ಒಳಗೆ ಹೋಗಲ್ಲ. ಎರಡನೇದು ಅಪಾಯ. ನೀರಲ್ಲಿ ತೊಳೆದು, ಹಲ್ಲುಜ್ಜೋ ಬ್ರಷ್ಷಲ್ಲಿ ಡೀಸೆಲ್ ಹಾಕಿ ಉಜ್ಜಿ, ಒಣಗಿಸಿ ತೆಳು ಎಣ್ಣೆ ಬಿಡಿ. ಗ್ರೀಸ್ ಬೇಡ, ಧೂಳು ಹಿಡಿಯುತ್ತೆ. ಜಾಕನ್ನ ಗಾಡಿಯ ಹೊರಗಡೆ ಕಟ್ಟಿದ್ರೆ ಅದಕ್ಕೆ ಕವರ್ ಹಾಕಿ.

ಸರ್ರಂತ ಜಾರೋದು ಬೇರೆ ವಿಷಯ. ಇಳಿಸೋ ಕಡೆಗೆ ಲಿವರ್ (ಹತ್ತಿಸೋದು-ಇಳಿಸೋದು ಬದಲಿಸೋ ಸಣ್ಣ ಕೀಲಿ) ಇದ್ದು ಜಾಕಿನ ಮೇಲೆ ಸುಮಾರು 70 ಕೆ.ಜಿ. ಭಾರ ಇಲ್ಲದಿದ್ರೆ ಅದು ಹಂತಹಂತವಾಗಿ ಇಳಿಯಲ್ಲ, ನೇರ ಬೀಳುತ್ತೆ. ಇರೋದೇ ಹಾಗೆ. ಗಾಡಿಯ ಭಾರ ಇರುವಾಗಲೇ ಜಾರಿದ್ರೆ ಮಾತ್ರ ಪಿನ್, ಸ್ಪ್ರಿಂಗ್ ಬದಲಿಸೋವರೆಗೆ ಮುಟ್ಟಬೇಡಿ.

ಕೈ-ದವಡೆ ಮುರಿಯೋದು ಇಳಿಸುವಾಗಲೇ. ಭಾರ ಹಿಡಿಯನ್ನ ಮೇಲಕ್ಕೆ ಚಿಮ್ಮಿಸುತ್ತೆ. ಹಿಡಿ ಕಂಬಕ್ಕೆ ಒರಗಿ ನೆಟ್ಟಗಿರುವಾಗ ಮಾತ್ರ ಲಿವರ್ ತಿರುಗಿಸಿ. ಎರಡೂ ಕೈ, ಮುಖ ಪಕ್ಕಕ್ಕೆ, ನಡುವೆ ಕೈ ಬಿಡೋ ಹಾಗಿಲ್ಲ. ಹಿಡಿಗೆ ಪೈಪ್ ಸಿಕ್ಕಿಸಿ ಒತ್ತೋದಂತೂ ಬೇಡವೇ ಬೇಡ. ಹೈ-ಲಿಫ್ಟ್ ಕಂಪನಿಯ ಜಾಕಲ್ಲಿ ಭಾರ ಮಿತಿ ಮೀರಿದ್ರೆ ಮುರೀಲಿ ಅಂತಲೇ ಒಂದು ಬೋಲ್ಟ್ ಕೊಟ್ಟಿರ್ತಾರೆ; ಆ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕೋ ಜಾಣರೂ ಇದಾರೆ!

ಹೊಸಗಾಡಿ:
ಹ್ಯಾಂಡ್‌ಬ್ರೇಕ್ ಎಳೆದು ಗೇರಲ್ಲಿಟ್ರೆ ಗಾಡಿ ಜಾರಲ್ಲ ಅಲ್ವಾ? ಗಾಳಿ ತುಂಬೋ ಜಾಕ್ ಹೇಗೆ?

ಲೋರೇಂಜ್:
2ಎಚ್‌ನಲ್ಲಿ (ಹಿಂಚಕ್ರಕ್ಕೆ ಮಾತ್ರ ಎಂಜಿನ್ ಬಲ) ಒಂದು ಹಿಂಚಕ್ರ ಎದ್ದರೆ ಅದು ಗಾಳಿಯಲ್ಲಿ ಸುಮ್ನೆ ತಿರುಗಬಹುದು, ಗೇರ್ ಇದ್ದೂ ಇಲ್ಲದ ಹಾಗೆ. 4ಎಲ್‌ಗೆ (ನಾಲ್ಕೂ ಚಕ್ರಕ್ಕೆ ಬಲ, ಲೋ ಗೇರ್) ಹಾಕಿ ಮೊದಲ ಗೇರಲ್ಲಿಡಿ, ಆಗ ಮುಂದಿನ ಆಕ್ಸಲ್ಲೂ ಹಿಡಿಯುತ್ತೆ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂಚಕ್ರಗಳನ್ನ, ಅದರಲ್ಲಿ ನೆಲದ ಮೇಲೆ ಉಳಿದಿರೋದು ಒಂದೇ, ಅದೂ ಕೆಸರಲ್ಲಿ. ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಇಳಿಜಾರಿದ್ರೆ ಮೊದಲು ಗಾಡಿಯನ್ನ ಮೇಲ್ಗಡೆಯ ಮರಕ್ಕೆ ಪಟ್ಟಿಯಿಂದ ಕಟ್ಟಿ. ಒಳಗೆ ಯಾರೂ ಇರಬಾರದು, ಗಾಡಿಯಡಿ ಕೈ-ತಲೆ ಹೋಗಬಾರದು. ಕಲ್ಲನ್ನ ಗುದ್ದಲಿಯ ಕಾವಿನಿಂದ ತಳ್ಳಿ.

ಎಸ್ಟೇಟ್ ಜೀಪ್:
ಗಾಳಿ ಜಾಕ್ ಮರಳಿಗೆ ಚೆನ್ನ, ತಳ ಅಗಲ. ತೋಟದಲ್ಲಿ ಕಡಿದ ಗಿಡದ ಚೂಪು ಬುಡ, ಗಾಡಿಯಡಿಯ ಬಿಸಿ ಸೈಲೆನ್ಸರ್ ಪೈಪ್, ಯಾವುದು ತಾಗಿದ್ರೂ ಕಥೆ ಮುಗೀತು. ಕೆಳಗೂ ಮೇಲೂ ದಪ್ಪ ರಬ್ಬರ್ ಮ್ಯಾಟ್ ಹಾಕ್ಲೇಬೇಕು. ಸೊಂಟದಷ್ಟು ಎತ್ತಿದ್ರೆ ಬಲೂನಿನ ಹಾಗೆ ಓಲಾಡುತ್ತೆ.

ಎತ್ತಿದ ಮೇಲೆ ಗುಂಡಿಗೆ ಸೈಜುಗಲ್ಲು ತುಂಬಿ. ಸಿಗದಿದ್ರೆ ಸಿಲ್ವರ್ ಓಕ್ ಕೊಂಬೆಗಳನ್ನ ಚಕ್ರಕ್ಕೆ ಅಡ್ಡಡ್ಡ ಹಾಸಿ, ಉದ್ದಕ್ಕೆ ಹಾಸಿದ್ರೆ ಹಿಂದಕ್ಕೆ ಎಸೆಯುತ್ತೆ. ಡಿಫರೆನ್ಶಿಯಲ್ ಮುಂದಿನ ಮಣ್ಣು ಕೆರೆದು, ಟೈರ್ 18 ಪಿಎಸ್‌ಐಗೆ ಇಳಿಸಿ. ಜಾಕ್, ಪಟ್ಟಿ, ಹಗ್ಗ ಎಲ್ಲ ತೆಗೆದ ಮೇಲೇ ಗಾಡಿ ಹೊರಡಿಸಿ.

ಹೊಸಗಾಡಿ:
ಸರಿ, ಹಲಗೆ, ವೀಲ್ ಪಟ್ಟಿ ಎರಡೂ ಮಾಡಿಸ್ತೀನಿ. 60 ಇಂಚಿನ ಜಾಕ್ ಬೇಕಾಗುತ್ತಾ?

ಲೋರೇಂಜ್:
ಬೇಡ. ಈ ಕೆಲಸಕ್ಕೆ 48 ಇಂಚೇ ಧಾರಾಳ. 60 ಅಂದ್ರೆ ಹೊರೆಯೂ ಜಾಸ್ತಿ, ಡಿಕ್ಕಿಯಲ್ಲಿ ಕೂರೋದೂ ಕಷ್ಟ.