ಸಂಜೆ ನಾಲ್ಕಕ್ಕೆ ದನಿಯೇ ಇರಲ್ಲ: ಟೀಚರ್‌ಗೆ ಎಷ್ಟು ಯೋಗ ಸಾಕು?

ನಲಿಕಲಿ ಮಿಸ್:
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 11 ವರ್ಷದಿಂದ ಇದ್ದೇನೆ. ಇಬ್ಬರೇ ಟೀಚರ್. ಒಂದರಿಂದ ಮೂರನೇ ಕ್ಲಾಸಿನ 34 ಮಕ್ಕಳು ಒಂದೇ ಕೋಣೆಯಲ್ಲಿ, ನನ್ನ ಪಾಲಿಗೆ. ಹಾಲು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿಯೂ ನನ್ನದೇ. ಸಂಜೆ ಮಗಳು ಏನಾದರೂ ಕೇಳಿದರೆ ಕೈಸನ್ನೆ ಮಾಡುತ್ತೇನೆ, ಅಷ್ಟೇ.

ಜೂನ್ 21ರ ಯೋಗ ದಿನದ ಹುರುಪಿನಲ್ಲಿ ಶುರು ಮಾಡಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ವಿಡಿಯೋ ನೋಡಿಕೊಂಡು 54 ಸೂರ್ಯನಮಸ್ಕಾರ. ಒಂಬತ್ತನೇ ದಿನ ಬೋರ್ಡ್ ಮೇಲೆ 'ಳ' ಬರೆಯೋಕೆ ಕೈ ಎತ್ತಿದೆ, ಭುಜ ಹಿಡಿದುಕೊಂಡಿತು. "ಮಿಸ್, ಳ ಅರ್ಧ ಆಗಿದೆ" ಅಂತ ಮಕ್ಕಳು ಕೂಗಿದರು. ಅವತ್ತೇ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆ. ಇರುವ ಡ್ಯೂಟಿಗಳ ಜೊತೆ ಇದೂ ಒಂದು ಡ್ಯೂಟಿ ಆಯ್ತಲ್ಲ ಅನ್ನಿಸಿತು. ವರ್ಷವಿಡೀ ಬಿಡದೆ ಮಾಡೋಕೆ ಆಗಬೇಕು ಅಂದರೆ ಎಷ್ಟು ಮಾಡಬೇಕು?

ಹಳೇ ಮೇಷ್ಟ್ರು:
ಮೇಡಂ, ನಾನೂ 32 ವರ್ಷ ಸೀಮೆಸುಣ್ಣ ಹಿಡಿದವನು. 54 ಓದಿ ನನ್ನ ಸೊಂಟ ನೋವು ಬಂತು. ಮೈಸೂರಿನ ಅಷ್ಟಾಂಗ ವಿನ್ಯಾಸ ಯೋಗದವರ ಅಭ್ಯಾಸ ಎಷ್ಟು ಕಠಿಣ ಗೊತ್ತಲ್ಲ? ಅವರೇ ಅಮಾವಾಸ್ಯೆ, ಹುಣ್ಣಿಮೆಗೆ ಆಸನ ಮಾಡುವುದಿಲ್ಲ. ವಾರಕ್ಕೊಂದು ರಜೆ ಬೇರೆ. ನಾವು ಮಾತ್ರ ಒಂದು ದಿನ ತಪ್ಪಿದರೆ ಪಾಪ ಮಾಡಿದವರ ಹಾಗೆ ಒದ್ದಾಡುತ್ತೇವೆ.

ಹಠಯೋಗ ಪ್ರದೀಪಿಕೆ ಅನ್ನುವ ಹಳೇ ಗ್ರಂಥದಲ್ಲಿ ಯೋಗ ಕೆಡಿಸುವ ಆರು ಸಂಗತಿ ಹೇಳಿದ್ದಾರೆ. ಜಾಸ್ತಿ ತಿನ್ನುವುದು, ಜಾಸ್ತಿ ದಣಿಯುವುದು, ಜಾಸ್ತಿ ಮಾತು, ನಿಯಮದ ಹಠ, ಜನರ ಸಹವಾಸ, ಚಂಚಲತೆ. ತಿನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮ ನೌಕರಿಯೇ ಅಲ್ವಾ! ದಣಿಯೋದು ಶಾಲೆಯಲ್ಲೇ ಮುಗಿದಿರುತ್ತದೆ. ಮನೆಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಮಲಗಬೇಕು.

ಕಾಫಿಗೂ ಮುಂಚೆ ನಾನು ಗೋಡೆಗೆ ಕಾಲು ಚಾಚಿ ಮಲಗುತ್ತಿದ್ದೆ. ಸೊಂಟದಡಿ ಮಡಿಸಿದ ಜಮಖಾನ. ವಿಪರೀತ ಕರಣಿ ಅನ್ನುವ ಆಸನದ ಸುಲಭದ ರೂಪ ಇದು. ಹತ್ತು ನಿಮಿಷ ಸಾಕು. ದಿನವಿಡೀ ನಿಂತು ಭಾರವಾದ ಕಾಲು ಹಗುರಾಗುತ್ತದೆ. ಕಷ್ಟ ಅನ್ನಿಸಿದರೆ ಮೀನಖಂಡವನ್ನು ಕುರ್ಚಿ ಮೇಲೆ ಇಡಿ. ಬಿಪಿ, ಗ್ಲಾಕೋಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಸೂರ್ಯನಮಸ್ಕಾರ ಬೇಕೇ ಬೇಕು ಅಂದರೆ ಭುಜ ಸರಿಹೋದ ಮೇಲೆ ಮೂರು. ಚಾಪೆ ಅಟ್ಟದಿಂದ ಇಳಿಸಿ, ಕಣ್ಣಿಗೆ ಬೀಳುವ ಕಡೆ ಇಡಿ.

ಸಂಗೀತದ ಟೀಚರ್:
ದನಿ ಬಗ್ಗೆ ಒಂದು ಮಾತು. ಗಂಟಲು ಕಟ್ಟಿದಾಗ ಪಿಸುಗುಟ್ಟಬೇಡಿ, ಅದಕ್ಕೂ ಗಂಟಲು ಬಿಗಿಯುತ್ತದೆ. ಊಟದ ಬಿಡುವಿನಲ್ಲಿ ಭ್ರಾಮರಿ ಮಾಡಿ. ತುಟಿ ಮುಚ್ಚಿ, ಹಲ್ಲು ಒಂದಕ್ಕೊಂದು ತಾಗದ ಹಾಗೆ, ತಗ್ಗಿದ ಶ್ರುತಿಯಲ್ಲಿ 'ಮ್'. ಐದು ಸಲ. ನೋವಾದರೆ ನಿಲ್ಲಿಸಿ. ದನಿ ಒಡೆದು ಮೂರು ವಾರ ದಾಟಿದರೆ ಮಾತ್ರ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ನನಗೆ ಸ್ವರತಂತುವಿನ ಮೇಲೆ ಗಂಟಾಗಿತ್ತು. ಭ್ರಾಮರಿಯಲ್ಲೇ ಹೋಗುತ್ತೆ ಅಂತ ಸುಮ್ನೆ ಎರಡು ತಿಂಗಳು ಹಾಳು ಮಾಡಿಕೊಂಡೆ.

ಗಣಿತದ ಮೇಷ್ಟ್ರು:
ಎಲ್ಲಾ ಸರಿ. ಇಬ್ಬರ ಮೇಲೆ ನಾಲ್ಕು ಜನರ ಕೆಲಸ ಹೇರಿ, ಆಮೇಲೆ ಯೋಗ ಮಾಡಿ ಅಂದರೆ ಹೇಗೆ? ರಾತ್ರಿ ಎಂಟಾದ ಮೇಲೆ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ. ನನಗಂತೂ ಅದೇ ಶವಾಸನ.

ನಲಿಕಲಿ ಮಿಸ್:
ಮೇಷ್ಟ್ರೇ, ನಿನ್ನೆ ಗೋಡೆಗೆ ಕಾಲು ಇಟ್ಟೆ. ನಾಲ್ಕೇ ನಿಮಿಷಕ್ಕೆ ನಿದ್ದೆ. ಅನ್ನಕ್ಕೆ ಎಷ್ಟು ಇಡಲಿ ಅಂತ ಮಗಳು ಎಬ್ಬಿಸಿದಳು. ಕೈಸನ್ನೆ ಮಾಡಲಿಲ್ಲ, "ಒಂದೂವರೆ ಪಾವು" ಅಂತ ಬಾಯಲ್ಲೇ ಹೇಳಿದೆ. ಇವತ್ತು ಶಾಲೆಯಲ್ಲಿ ಭ್ರಾಮರಿ. ಎರಡನೇ ಕ್ಲಾಸಿನವನೊಬ್ಬ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಮಿಸ್ ಒಳಗೆ ಜೇನು ಹೊಕ್ಕಿದೆ ಅಂತ ಇಡೀ ಶಾಲೆಗೆ ಸಾರಿದ.

ಗ್ರೂಪ್ ಮ್ಯೂಟ್ ಮಾಡೋಕೆ ಇನ್ನೂ ಧೈರ್ಯ ಬಂದಿಲ್ಲ. ದನಿ ಒಡೆದು ಐದು ವಾರ ಆಯ್ತು. ಶನಿವಾರ ಅರ್ಧ ದಿನ ತಾನೇ ಶಾಲೆ, ಇಎನ್‌ಟಿ ಹತ್ತಿರ ಹೋಗಿ ಬರುತ್ತೇನೆ.