ಎನ್‌ಸಿಎಎ ವಿಚಾರಣೆಗೆ ಕರೆದಿದ್ದಾರೆ, ಮಗಳಿಗೆ ಕಾನೂನಿನ ಆಸರೆ ಇದೆಯಾ?

ಪ್ರಶ್ನೆ: ಸರ್, ಮಗಳು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಓದ್ತಿದ್ದಾಳೆ. ತಂಡಕ್ಕೆ ದೇಣಿಗೆ ಕೊಡೋ ಒಬ್ಬರು ರಜೆಗೆ ಬೆಂಗಳೂರಿಗೆ ಬರೋಕೆ ಟಿಕೆಟ್ ಮಾಡಿಸಿಕೊಟ್ಟಿದ್ರಂತೆ. ಅದು ಅಲ್ಲಿನ ಕಾಲೇಜು ಕ್ರೀಡೆ ನೋಡ್ಕೊಳ್ಳೋ ಎನ್‌ಸಿಎಎ ಸಂಸ್ಥೆಯ ನಿಯಮಕ್ಕೆ ವಿರುದ್ಧ ಅಂತ ಈಗ ವಿಚಾರಣೆ. ಇಂಥ ತನಿಖೆ ನ್ಯಾಯವಾಗಿ ನಡೀಬೇಕು ಅಂತ 2021ರಲ್ಲಿ ಅಲ್ಲಿ ಮಸೂದೆ ಬಂದಿತ್ತಂತೆ. ಅದನ್ನ ಮುಂದಿಟ್ಟು ಕೇಳಬಹುದಾ? ಎರಡು ದಿನದಿಂದ ನಿದ್ದೆ ಇಲ್ಲ.

ಉತ್ತರ (ವಕೀಲರು): ಮೇಡಂ, ಆ ಮಸೂದೆ ಕಾಯ್ದೆ ಆಗಲೇ ಇಲ್ಲ. ಅದನ್ನ ನಂಬಿ ಹೋಗಬೇಡಿ.

ತೊಂದರೆಯ ಬೇರು ಹಳೇದು. ನೆವಾಡದ ಬ್ಯಾಸ್ಕೆಟ್‌ಬಾಲ್ ಕೋಚ್ ಜೆರಿ ಟಾರ್ಕೇನಿಯನ್ ಅವರನ್ನ ಎರಡು ವರ್ಷ ಅಮಾನತು ಮಾಡಿ ಅಂತ 1977ರಲ್ಲಿ ಎನ್‌ಸಿಎಎ ಅವರ ಯೂನಿವರ್ಸಿಟಿಗೆ ಹೇಳಿತು. ಅವರು ಕೋರ್ಟಿಗೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿದ್ದು: ಎನ್‌ಸಿಎಎ ಖಾಸಗಿ ಸಂಸ್ಥೆ, ಸರ್ಕಾರಕ್ಕೆ ಸಂವಿಧಾನ ಹಾಕಿರೋ ಕಟ್ಟುಪಾಡು ಅದಕ್ಕಿಲ್ಲ. ಆಮೇಲೆ ಎನ್‌ಸಿಎಎ ತನಿಖೆ ನ್ಯಾಯವಾಗಿ ನಡೀಬೇಕು ಅಂತ ನೆವಾಡ ರಾಜ್ಯ ತನ್ನದೇ ಕಾಯ್ದೆ ಮಾಡಿತು. 1993ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೂ ಹೊಡೆದುಹಾಕಿತು. ಇಡೀ ದೇಶಕ್ಕೆ ಹಬ್ಬಿದ ಸಂಸ್ಥೆಯನ್ನ ಒಂದು ರಾಜ್ಯ ಹೀಗೆ ಕಟ್ಟಿಹಾಕೋ ಹಾಗಿಲ್ಲ ಅಂತ. ಹಾಗಾಗಿ ಇಂಥ ಕಾಯ್ದೆಯನ್ನ ಕಾಂಗ್ರೆಸ್ಸೇ, ಅಂದ್ರೆ ಅಮೆರಿಕದ ಸಂಸತ್ತೇ ಮಾಡಬೇಕು. ಮಾಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದ್ರೆ ನಿಮ್ಮ ಮಗಳ ಯೂನಿವರ್ಸಿಟಿ ಸರ್ಕಾರಿ ಅಂದ್ರಲ್ಲ, ಅದು ಸಂವಿಧಾನಕ್ಕೆ ಬದ್ಧ. ಅದು ಸ್ಕಾಲರ್‌ಶಿಪ್ ಕಿತ್ತುಕೊಳ್ಳೋಕೆ ಹೊರಟರೆ ಲಿಖಿತವಾಗಿ ಕಾರಣ ಕೇಳಿ, ಅಹವಾಲು ಹೇಳೋಕೆ ಅವಕಾಶ ಕೇಳಿ. ಇನ್ನೊಂದು ವಿಷಯ. ಆಡೋ ಅರ್ಹತೆ ಹೋದರೆ ಅದನ್ನ ವಾಪಸ್ ಕೊಡಿ ಅಂತ ಎನ್‌ಸಿಎಎಗೆ ಅರ್ಜಿ ಹಾಕೋದು ಯೂನಿವರ್ಸಿಟಿ, ವಿದ್ಯಾರ್ಥಿ ಅಲ್ಲ. ಅದಕ್ಕೇ ಅಲ್ಲಿನವರ ಜೊತೆ ಜಗಳ ಬೇಡ. ಹಾಗಂತ ಅವರ ವಕೀಲರನ್ನ ನಿಮ್ಮವರು ಅಂದ್ಕೋಬೇಡಿ, ಅವರು ಯೂನಿವರ್ಸಿಟಿ ಪರ.

ಇನ್ನೊಬ್ಬ ಸದಸ್ಯರು: ಆ ಮಸೂದೆಯಲ್ಲಿ ಏನಿತ್ತು ಸರ್?

ಉತ್ತರ: ಟೆನೆಸ್ಸೀಯ ಮಾರ್ಷಾ ಬ್ಲ್ಯಾಕ್‌ಬರ್ನ್, ನ್ಯೂಜೆರ್ಸಿಯ ಕೋರಿ ಬುಕರ್, ಎರಡೂ ಪಕ್ಷದವರು ಸೇರಿ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ತಂದಿದ್ದು. ತನಿಖೆಗೆ ಎಂಟು ತಿಂಗಳ ಗಡುವು, ಎರಡು ವರ್ಷಕ್ಕಿಂತ ಹಳೇ ತಪ್ಪು ಕೆದಕೋ ಹಾಗಿಲ್ಲ, ಶಿಕ್ಷೆ ಒಪ್ಪಿಗೆ ಇಲ್ಲದಿದ್ದರೆ ಮಧ್ಯಸ್ಥಿಕೆಗೆ ಹೋಗಬಹುದು. ನನಗೆ ಮುಖ್ಯ ಅನಿಸಿದ್ದು ಗಡುವು. ಮೆಂಫಿಸ್ ಯೂನಿವರ್ಸಿಟಿ ಕೇಸ್ ನೋಡಿ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಜೇಮ್ಸ್ ವೈಸ್‌ಮನ್ ಕುಟುಂಬಕ್ಕೆ ಮನೆ ಬದಲಿಸೋಕೆ 11,500 ಡಾಲರ್ ಕೊಟ್ಟ ವಿಚಾರ 2019ರಲ್ಲಿ ಗಲಾಟೆ ಆಯ್ತು, ತೀರ್ಪು ಬಂದಿದ್ದು 2022ರಲ್ಲಿ. ಅಷ್ಟರಲ್ಲಿ ಆ ಹುಡುಗ ಮೂರೇ ಆಟ ಆಡಿ ಕಾಲೇಜೇ ಬಿಟ್ಟಿದ್ದ. ಕಾಲೇಜಲ್ಲಿ ಆಡೋದೇ ನಾಲ್ಕೈದು ವರ್ಷ, ಅದರಲ್ಲಿ ಮೂರು ವರ್ಷ ಕಾಯಿಸಿದರೆ ಏನುಳೀತು?

ಪ್ರಶ್ನೆ: ಸರ್, ಗುರುವಾರವೇ ಕರೆದಿದ್ದಾರೆ. ವೀಸಾಗೆ ತೊಂದರೆ ಆಗುತ್ತಾ?

ಉತ್ತರ: ಎಫ್-1 ಅನ್ನೋ ವಿದ್ಯಾರ್ಥಿ ವೀಸಾ ನಿಂತಿರೋದು ಪೂರ್ಣಾವಧಿ ಓದಿನ ಮೇಲೆ, ಆಟದ ಮೇಲಲ್ಲ. ಸ್ಕಾಲರ್‌ಶಿಪ್ ನಿಂತರೆ ಫೀಸಿಗೆ ದಾರಿ ಇದೆಯಾ ಅನ್ನೋದನ್ನ ಮಾತ್ರ ಈಗಲೇ ಯೋಚಿಸಿಡಿ. ಗುರುವಾರ ಒಬ್ಬಳೇ ಹೋಗೋದು ಬೇಡ. ವಕೀಲರನ್ನ ಕರ್ಕೊಂಡು ಬರ್ತೀನಿ, ಒಂದು ವಾರ ಸಮಯ ಕೊಡಿ ಅಂತ ಇವತ್ತೇ ಈಮೇಲ್ ಹಾಕಿಸಿ. ಟಿಕೆಟ್ ವಿಚಾರ ಮುಚ್ಚಿಡಬೇಡಿ. ಸುಳ್ಳು ಹೇಳಿದರೆ ಎನ್‌ಸಿಎಎ ನಿಯಮದಲ್ಲಿ ಅದೇ ಬೇರೆ ತಪ್ಪು. ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸದ ಹಾಗೆ ಹೇಳಿ ಅವಳಿಗೆ.