ಸಹಾಯ ಬೇಕು: ಅನಾಟಮಿ ಹಾಳಿ ಮ್ಯಾಲೆ ಬರ್ತೈತಿ, ಡಿಸೆಕ್ಷನ್ ಹಾಲ್‌ನಾಗ ಬರವಲ್ದು

ನಮಸ್ಕಾರ್ರಿ ಎಲ್ಲಾರಿಗೂ. ನಾನು ವಿಜಯಪುರದಾಗ ಎಂಬಿಬಿಎಸ್ ಮೊದಲನೇ ವರ್ಷ. ಊರು ಇಂಡಿ ಕಡೆ, ಹತ್ತನೇತ್ತ ತನಕ ಕನ್ನಡ ಮೀಡಿಯಂ.

ಬ್ರೇಕಿಯಲ್ ಪ್ಲೆಕ್ಸಸ್‌ನಾಗ (ಕುತ್ತಿಗಿಯಿಂದ ಕಂಕುಳ ದಾಟಿ ಕೈಗೆ ಹೋಗೋ ನರಗಳ ಜಾಲ) ಸಿಕ್ಕೊಂಡೀನಿ. ಬೆನ್ನುಹುರಿಯಿಂದ ಬರೋ ಸಿ5ರಿಂದ ಟಿ1 ತನಕ 5 ಬೇರು, ಮುಂದ ಅವು ಕೂಡಿ ಒಡೆದು ಆಗೋ 3 ಟ್ರಂಕ್, 6 ಡಿವಿಜನ್, 3 ಕಾರ್ಡ್ ಎಲ್ಲಾ ಬಾಯಿಪಾಠ ಐತಿ. ದಿನಾ ರಾತ್ರಿ ಚಿತ್ರ ತಗೀತೀನಿ, ಹಾಸ್ಟೆಲ್ ಗೋಡೆಗೂ ಅಂಟಿಸೀನಿ, ವಿಡಿಯೋನೂ ನೋಡೀನಿ. ಆದ್ರ ಹೆಣ ಕೊಯ್ದು ಕಲಿಸೋ ಹಾಲ್‌ನಾಗ ಕಂಕುಳ ಬಿಚ್ಚಿ ತೋರಿಸಿದ ಕೂಡ್ಲೇ ತಲಿ ಖಾಲಿ. ಪುಸ್ತಕದಾಗ ನರ ಹಳದಿ, ಆರ್ಟರಿ (ರಕ್ತನಾಳ) ಕೆಂಪು. ಅಲ್ಲಿ ಎಲ್ಲಾ ಒಂದ ಮಾಸಲು ಬಣ್ಣದ ದಾರ. ಹೋದ ವಾರ ಸ್ಪಾಟರ್‌ನಾಗ (ಪಿನ್ ಚುಚ್ಚಿದ ಭಾಗದ ಹೆಸರು ಬರಿಯೋ ಪರೀಕ್ಷೆ) ಅಲ್ನಾರ್ ನರಕ್ಕ ಪಿನ್ ಚುಚ್ಚಿದ್ರು, ನಾನು ಮೀಡಿಯನ್ ನರ ಅಂತ ಬರದು ಬಂದೆ. ಅವತ್ತು ಊಟಾನೂ ಸೇರಲಿಲ್ಲ.

ಸೀನಿಯರ್ ಅಕ್ಕಾರು ಒಬ್ರು, ಮೊದಲ ಆಕ್ಸಿಲರಿ ಆರ್ಟರಿ (ಕಂಕುಳದ ದೊಡ್ಡ ರಕ್ತನಾಳ) ಹುಡುಕು, ಅದರ ಮುಂದ ಎರಡು ಬೇರು ಕೂಡಿ 'ಎಂ' ಆಕಾರ ಆಗೋ ಕಡೆ ಮೀಡಿಯನ್ ಹುಟ್ತೈತಿ ಅಂದ್ರು. ಖರೇನ ಉಪಯೋಗ ಆತು. ಆದ್ರ ಬರೇ ಮುಂಗೈ ತುಂಡು ಇಟ್ರ ಮತ್ತ ದಿಕ್ಕು ತಪ್ಪತೈತಿ.

ಇದನ್ನ ದಾಟಿದ ಅಣ್ಣಾ ಅಕ್ಕಾರು ಹೇಳ್ರಿ: ಹಾಲ್‌ನಾಗ ಸಿಗೋ ಟೈಮಿನಾಗ ಪಿನ್ ಹಾಕಿದ ತುಂಡುಗಳನ್ನ ಮತ್ತ ಮತ್ತ ನೋಡ್ಲೋ, ಇಲ್ಲಾ ಒಂದ ನರ ಹಿಡಿದು ಕಂಕುಳದಿಂದ ಅಂಗೈ ತನಕ ಬೆರಳಲೇ ಗುರುತು ಹಿಡೀತಾ ಹೋಗ್ಲೋ? ಸೋಮವಾರ ಇಂಟರ್ನಲ್ ಐತ್ರಿ.